ಮೇಷ್ಟ್ರ ಋಣ

ಪ್ರತಿ ವರ್ಷ ಸೆಪ್ಟೆಂಬರ್ 5 ಬಂತೆಂದರೆ ನಮ್ಮನ್ನು ಯಾರಾದರೂ ಒಂದು ಶಾಲೆಗೆ ಕರೆಯುತ್ತಾರೆ. ಹಾರ ಹಾಕಿದ ರಾಧಾಕೃಷ್ಣನ್ ಪಟ, ಊದುಬತ್ತಿ, ಶಾಲು, ಹಣ್ಣಿನ ಬುಟ್ಟಿ. 'ನಿಮ್ಮ ಬದುಕಿನಲ್ಲಿ ಮರೆಯಲಾರದ ಗುರುಗಳ ಬಗ್ಗೆ ಎರಡು ಮಾತು ಹೇಳಿ ಸಾರ್' ಅಂತಾರೆ. ನಾವು ಎದ್ದು ನಿಲ್ಲುತ್ತೇವೆ. ಎರಡು ಮಾತು ಹೇಳುತ್ತೇವೆ. ಕೂರುತ್ತೇವೆ. ಮೂರನೆಯ ಮಾತು ಗಂಟಲಲ್ಲೇ ಉಳಿಯುತ್ತದೆ.

ಆ ಮೂರನೆಯ ಮಾತನ್ನು ಇಲ್ಲಿ ಬರೆಯುತ್ತಿದ್ದೇವೆ. ಮೇಷ್ಟ್ರು ಈಗ ಇಲ್ಲ. ಅವರನ್ನು ಅವಮಾನ ಮಾಡುವುದು ನಮ್ಮ ಉದ್ದೇಶವಲ್ಲ. ಅವರಿಲ್ಲದಿದ್ದರೆ ಈ ಬರಹವೇ ಇಲ್ಲ. ಅದೇ ನಮ್ಮ ಕಷ್ಟ.

ಮೊದಲು ಆ ಎರಡು ಮಾತು.

ನಮ್ಮೂರಿನದು ಏಕೋಪಾಧ್ಯಾಯ ಶಾಲೆ. ಒಂದು ಕೋಣೆ, ಮುಂದೊಂದು ಜಗಲಿ. ಕೇರಿಯಿಂದ ಶಾಲೆಗೆ ಹೋಗುತ್ತಿದ್ದವರು ನಾವು ಎಂಟು ಮಕ್ಕಳು. ಊರಿನ ಮಕ್ಕಳು ಕೋಣೆಯೊಳಗೆ, ನಾವು ಜಗಲಿಯ ಮೇಲೆ. ಕರಿಹಲಗೆ ಒಳಗಿನ ಗೋಡೆಗಿತ್ತು. ಬಾಗಿಲಿನಿಂದ ಇಣುಕಿದರೆ ಅರ್ಧ ಅಕ್ಷರ ಕಾಣುತ್ತಿತ್ತು. 'ಕ'ಕ್ಕೆ ತಲೆಕಟ್ಟು ಇದೆ ಅಂತ ನಮಗೆ ಬಹಳ ದಿನ ಗೊತ್ತೇ ಇರಲಿಲ್ಲ. ಅದು ಬಾಗಿಲ ಚೌಕಟ್ಟಿನ ಮರೆಗೆ ಹೋಗುತ್ತಿತ್ತು.

ಈ ಮೇಷ್ಟ್ರು ವರ್ಗವಾಗಿ ಬಂದ ಒಂದು ತಿಂಗಳಿಗೆ ಒಂದು ಕೆಲಸ ಮಾಡಿದರು. ಭಾಷಣ ಮಾಡಲಿಲ್ಲ, ಗಾಂಧೀಜಿ ಹೆಸರು ಎತ್ತಲಿಲ್ಲ. ಒಂದು ಸೋಮವಾರ ಬೆಳಿಗ್ಗೆ ಕರಿಹಲಗೆಯನ್ನು ಕಿತ್ತು ತಂದು ಬಾಗಿಲ ಪಕ್ಕದ ಗೋಡೆಗೆ ಹೊಡೆದರು. 'ಒಳಗೆ ಬೆಳಕು ಸಾಲದು' ಅಂದರು. ಒಳಗಿದ್ದವರೆಲ್ಲ ಬಾಗಿಲ ಕಡೆ ಮುಖ ಮಾಡಿ ಕೂರಬೇಕಾಯಿತು. ನಮಗೆ 'ಬನ್ರೋ, ಒಳಕ್ಕೆ ಬಂದು ಕೂತ್ಕೊಳ್ರೋ' ಅಂದರು. ಬಾಗಿಲಿಗೆ ಹತ್ತಿರ ಕೂತವರು ನಾವು. ಹಾಗಾಗಿ ಕಡೆಯ ಸಾಲಿನವರು ಒಂದೇ ದಿನದಲ್ಲಿ ಮೊದಲ ಸಾಲಿನವರಾದೆವು. ಊರಿನವರಿಗೆ ಅರ್ಥವಾಗುವ ಹೊತ್ತಿಗೆ ನಾವು ಕಾಗುಣಿತ ಮುಗಿಸಿದ್ದೆವು.

ಇದು ಮೊದಲ ಮಾತು. ಎರಡನೆಯದು, ಅವರು ನಮ್ಮ ಅಪ್ಪಂದಿರ ಹೆಸರನ್ನು ಹಾಜರಿ ಪುಸ್ತಕದಲ್ಲಿ ಪೂರ್ತಿಯಾಗಿ ಬರೆದರು. ಅದಕ್ಕೆ ಮುಂಚೆ ಅಲ್ಲಿದ್ದದ್ದು ಊರವರು ಕೂಗುತ್ತಿದ್ದ ಮೊಟಕು ಹೆಸರುಗಳು. ಮೇಷ್ಟ್ರು ಕೇರಿಯ ಬಾಯಿಗೆ ಬಂದು ನಿಂತು ಒಬ್ಬೊಬ್ಬರನ್ನೂ ಕೇಳಿ ಬರೆದುಕೊಂಡು ಹೋದರು. 'ನನ್ನ ಹೆಸ್ರು ಕೇಳ್ಕೊಂಡ್ ಬಂದ್ರಲಾ ಮೇಷ್ಟ್ರು' ಅಂತ ನಮ್ಮ ಅಪ್ಪಂದಿರು ಒಂದು ವಾರ ಅದೇ ಮಾತಾಡಿದರು. ಹೆಸರು ಪೂರ್ತಿಯಾಗಿ ಬರೆಸಿಕೊಳ್ಳುವುದು ಒಂದು ದೊಡ್ಡ ಸುದ್ದಿಯಾಗಿದ್ದ ಕಾಲ ಅದು.

ಇಷ್ಟು ಹೇಳಿ ನಾವು ಸಭೆಯಲ್ಲಿ ಕೂತುಬಿಡುತ್ತೇವೆ. ಚಪ್ಪಾಳೆ ಬೀಳುತ್ತದೆ.

ಇನ್ನು ಮೂರನೆಯದು. ಶಾಲೆಯ ಮೂಲೆಯಲ್ಲಿ ಒಂದು ನೀರಿನ ಮಡಕೆ ಇತ್ತು. ಮೇಲೆ ಒಂದು ಲೋಟ ಬೋರಲಾಗಿರುತ್ತಿತ್ತು. ಕರಿಹಲಗೆ ತಿರುಗಿಸಿದ ಮೇಷ್ಟ್ರು ಮಡಕೆಯನ್ನು ಮುಟ್ಟಿಸಲಿಲ್ಲ. ನಮಗೆ ಬಾಯಾರಿದರೆ ಅವರೇ ಎದ್ದು ಬಂದು, ಲೋಟ ತುಂಬಿ, ಮೇಲಿನಿಂದ ನಮ್ಮ ಬೊಗಸೆಗೆ ಹುಯ್ಯುತ್ತಿದ್ದರು. ಪ್ರೀತಿಯಿಂದಲೇ ಹುಯ್ಯುತ್ತಿದ್ದರು. 'ಸಾಕೇನೋ, ಇನ್ನೊಸಿ ಕುಡಿ' ಅನ್ನುತ್ತಿದ್ದರು. ಮೊಣಕೈಗುಂಟ ನೀರು ಇಳಿದು ಅಂಗಿ ನೆನೆಯುತ್ತಿತ್ತು. ಅವರಿಲ್ಲದಾಗ ಹುಯ್ಯುವ ಕೆಲಸ ಮಾನಿಟರನದು. ಮಾನಿಟರು ಊರ ಯಜಮಾನರ ಮನೆಯ ಹುಡುಗ.

ಅದು ಬೇಸಿಗೆ. ಮೇಷ್ಟ್ರು ಸಂಬಳಕ್ಕೆಂದು ಹೋಬಳಿಗೆ ಹೋಗಿದ್ದರು. ಮಾನಿಟರು ಆವತ್ತು ಹುಯ್ಯಲಿಲ್ಲ. 'ತಾಳ್ರಲಾ' ಅಂದ, ಆಟಕ್ಕೆ ಹೋದ. ನಮ್ಮ ಎಂಟು ಜನರಲ್ಲಿ ಒಬ್ಬ ಎದ್ದು ಹೋಗಿ ಲೋಟ ಎತ್ತಿ ಮಡಕೆಗೆ ಅದ್ದಿ ಕುಡಿದ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನನ್ನು ಕೇಳದೆ ಬರೆಯುವ ಹಕ್ಕು ನಮಗಿಲ್ಲ.

ಸಂಜೆ ಮಡಕೆ ಒಡೆದರು. ರಾತ್ರಿ ಚಾವಡಿ ಸೇರಿತು. ಹುಡುಗನನ್ನು ಕಂಬಕ್ಕೆ ಕಟ್ಟಿ ಹುಣಿಸೆ ಬರಲಿನಲ್ಲಿ ಹೊಡೆದರು. ಆಮೇಲೆ ಮೇಷ್ಟ್ರನ್ನು ಕರೆಸಿದರು. 'ಬೋರ್ಡು ತಿರುಗಿಸ್ದೋನು ನೀನು. ಇದನ್ನೂ ನೀನೇ ಏನಯ್ಯ ಹೇಳ್ಕೊಟ್ಟೋನು?' ಅಂತ ಕೇಳಿದರು. ಮೇಷ್ಟ್ರು ತಲೆ ತಗ್ಗಿಸಿ ನಿಂತು ಹೇಳಿದರು: 'ನಾನು ಹೇಳಿಲ್ಲ. ಅವನಾಗೇ ಮಾಡ್ಕೊಂಡಿದ್ದು.'

ಅದು ಸುಳ್ಳಲ್ಲ. ಮಡಕೆ ಮುಟ್ಟು ಅಂತ ಅವರು ನಿಜವಾಗಿಯೂ ಯಾವತ್ತೂ ಹೇಳಿರಲಿಲ್ಲ. ಆದರೆ ನಿಜವನ್ನೇ ಹೇಳಿ ಒಬ್ಬನ ಕೈ ಬಿಡಬಹುದು ಅನ್ನುವುದನ್ನು ನಾವು ಆವತ್ತು ಕಲಿತೆವು.

ಹುಡುಗನ ಅಪ್ಪನಿಗೆ ದಂಡ ಹಾಕಿದರು. ದಂಡ ಕಟ್ಟಲು ದುಡ್ಡಿಲ್ಲ. ದುಡ್ಡು ಕೊಟ್ಟವರು ದಂಡ ಹಾಕಿದವರೇ. ಸಾಲಕ್ಕೆ ಬದಲು ಹುಡುಗ ಅವರ ಮನೆಗೆ ಜೀತಕ್ಕೆ ಹೋದ. ಸ್ಲೇಟು ಹಿಡಿದಿದ್ದ ಕೈ ಸಗಣಿ ಬಾಚತೊಡಗಿತು. 1976ರಲ್ಲಿ ಕಾನೂನು ಬಂದು ಜೀತವೂ ಜೀತದ ಸಾಲವೂ ರದ್ದಾದವು. ಆ ಹೊತ್ತಿಗೆ ಅವನ ಶಾಲೆಯ ವಯಸ್ಸು ದಾಟಿ ಹೋಗಿತ್ತು. ಸಾಲವನ್ನು ರದ್ದು ಮಾಡುವ ಕಾನೂನು ಉಂಟು. ಕಳೆದ ವರ್ಷಗಳನ್ನು ವಾಪಸ್ಸು ಕೊಡುವ ಕಾನೂನು ಎಲ್ಲೂ ಇಲ್ಲ.

ಗೆಳೆಯರೆ, ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ 1950ರಲ್ಲೇ ರದ್ದು ಮಾಡಿತ್ತು. ಅದನ್ನು ಆಚರಿಸುವುದು ಶಿಕ್ಷಾರ್ಹ ಅಂತ 1955ರಲ್ಲಿ ಕಾಯ್ದೆಯೂ ಬಂದಿತ್ತು. ನಾವು ಹೇಳುತ್ತಿರುವುದು ಅದಾದ ಮೇಲಿನ ಕಥೆ. ಕಾನೂನು ಶಾಲೆಯ ಬಾಗಿಲವರೆಗೆ ಬಂದಿತ್ತು. ಮಡಕೆಯವರೆಗೆ ಬಂದಿರಲಿಲ್ಲ.

ಉಳಿದ ಏಳು ಜನರಲ್ಲಿ ನಾಲ್ವರು ಎಸ್ಸೆಸ್ಸೆಲ್ಸಿ ದಾಟಿದೆವು. ರಿಸಲ್ಟು ಬಂದಾಗ ಮೇಷ್ಟ್ರನ್ನು ಹುಡುಕಿಕೊಂಡು ಹೋದೆವು. ಅವರಿಗೆ ಅಷ್ಟರಲ್ಲಿ ಬೇರೆ ಊರಿಗೆ ವರ್ಗವಾಗಿತ್ತು. ನಾವು ಕೇಳದೆಯೇ ಅವರು ಆ ಮಾತು ತೆಗೆದರು. 'ಅವತ್ತು ನಾನು ಹೂಂ ಅಂದಿದ್ರೆ ಮಾರನೇ ದಿನ ಇಸ್ಕೂಲಿಗೆ ಬಾಗ್ಲು ಹಾಕ್ಸೋರು ಕಣ್ರೋ. ಒಬ್ಬನಿಗೋಸ್ಕರ ಏಳು ಜನರ ಅಕ್ಷರ ಕಳೀಬೇಕಾಗಿತ್ತಾ, ನೀವೇ ಹೇಳಿ' ಅಂದರು. ನಾವು ತಲೆ ಆಡಿಸಿದೆವು. ಆಡಿದ ನಾಲ್ಕು ತಲೆಗಳೂ ಪಾಸಾದ ತಲೆಗಳು.

ಅವರ ಲೆಕ್ಕ ಸರಿಯಾಗಿತ್ತು. ಒಂದಕ್ಕಿಂತ ಏಳು ದೊಡ್ಡದು. ಆ ಕೂಡುವ ಕಳೆಯುವ ಲೆಕ್ಕ ಕಲಿಸಿದವರೂ ಅವರೇ. ಆದರೂ ವಾಪಸ್ಸು ಬರುವ ದಾರಿಯಲ್ಲಿ ನಾವು ನಾಲ್ವರೂ ಮಾತಾಡಲಿಲ್ಲ.

ಆ ಮೌನ ಏನೆಂದು ಗೊತ್ತಾಗಲು ಬಹಳ ವರ್ಷ ಬೇಕಾಯಿತು. ಅಂಬೇಡ್ಕರರ ಬರಹಗಳನ್ನು ಓದುವಾಗ ಒಂದು ಹಳೆಯ ಪ್ರಕರಣ ಸಿಕ್ಕಿತು. ಅದು ದೂರದ್ದಲ್ಲ, ನಮ್ಮ ಧಾರವಾಡದ್ದು. 1856ರಲ್ಲಿ ಅಲ್ಲಿನ ಸರ್ಕಾರಿ ಶಾಲೆಗೆ ಸೇರಲು ಒಬ್ಬ ಮಹಾರ್ ಹುಡುಗ ಹೋದ. ಸೇರಿಸಿಕೊಳ್ಳಲಿಲ್ಲ. ಅವನು ಮುಂಬಯಿ ಸರ್ಕಾರಕ್ಕೆ ಅರ್ಜಿ ಬರೆದ. ಸರ್ಕಾರ ಕೊಟ್ಟ ಉತ್ತರದ ತಿರುಳು ಇಷ್ಟು: ಈ ಅರ್ಜಿದಾರನ ಕಡೆ ನ್ಯಾಯ ಇದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಒಬ್ಬಿಬ್ಬರಿಗೋಸ್ಕರ ತಲೆತಲಾಂತರದ ನಂಬಿಕೆಗಳಿಗೆ ಏಕಾಏಕಿ ಕೈ ಹಾಕಿದರೆ ಶಿಕ್ಷಣ ಪ್ರಸಾರಕ್ಕೇ ದೊಡ್ಡ ಪೆಟ್ಟು ಬೀಳುತ್ತದೆ. ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಎಂಬ ಮಾತು 1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರಿಂದ ಬಂತು. ಬಂದದ್ದು ಕಾಗದದ ಮೇಲೆ.

ಓದಿ ನಾವು ಬೆಚ್ಚಿದೆವು. ನ್ಯಾಯ ನಿನ್ನ ಕಡೆ ಇದೆ, ಆದರೆ ಒಬ್ಬನಿಗೋಸ್ಕರ ಆಗಲ್ಲ. ಇದು ನಮ್ಮ ಮೇಷ್ಟ್ರ ಮಾತೇ ಅಲ್ಲವೆ? ನೂರು ವರ್ಷ ಕಳೆದು, ಬಿಳಿಯ ಸರ್ಕಾರ ಹೋಗಿ, ಸಂವಿಧಾನ ಬಂದ ಮೇಲೂ ಅದೇ ವಾಕ್ಯ ನಮ್ಮೂರಿನ ಚಾವಡಿಗೆ ಹೇಗೆ ಬಂತು? ಮೇಷ್ಟ್ರು ಆ ಕಾಗದವನ್ನು ಓದಿರಲಾರರು. ಆ ವಾಕ್ಯವನ್ನು ಯಾರೂ ಯಾರಿಗೂ ಕಲಿಸಬೇಕಿಲ್ಲ. ವ್ಯವಸ್ಥೆ ಅದನ್ನು ಒಳ್ಳೆಯವರ ಬಾಯಿಗೆ ತಾನೇ ತಂದು ಇಡುತ್ತದೆ. ಕೆಟ್ಟವರಿಗೆ ಅದು ಬೇಕಾಗಿಲ್ಲ. ಅವರ ಕೈಯಲ್ಲಿ ಹುಣಿಸೆ ಬರಲು ಇರುತ್ತದೆ.

ಹಾಗಂತ ಮುಂಬಯಿ ಸರ್ಕಾರವನ್ನೂ ನಮ್ಮ ಮೇಷ್ಟ್ರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ತಪ್ಪಾಗುತ್ತದೆ. ಸರ್ಕಾರಕ್ಕೆ ಕಲೆಕ್ಟರು, ಪೊಲೀಸು, ಖಜಾನೆ ಎಲ್ಲ ಇತ್ತು. ಅದು ಅಂಜಿದ್ದು ಕೆಲಸ ತಪ್ಪಿಸಿಕೊಳ್ಳಲು. ಮೇಷ್ಟ್ರಿಗೆ ಇದ್ದದ್ದು ಒಂದು ಬಾಡಿಗೆ ಕೋಣೆ, ಹೆಂಡತಿ ಮಕ್ಕಳು, ಊರಿನವರು ಕೊಟ್ಟರೆ ಹಾಲು ಮೊಸರು. ಅವರ ಭಯ ನಿಜವಾದ ಭಯ. ಭಯ ಪಟ್ಟದ್ದಕ್ಕೆ ನಾವು ಅವರನ್ನು ದೂರುವುದಿಲ್ಲ. ಆ ರಾತ್ರಿ ಕೇರಿಯೆಲ್ಲ ಬಾಗಿಲು ಹಾಕಿಕೊಂಡಿತ್ತು.

ನಮ್ಮ ತಕರಾರು ಇರುವುದು ಲೆಕ್ಕದ ಬಗ್ಗೆ. ಒಬ್ಬನ ಬದಲು ಏಳು ಜನ ಅನ್ನುವ ಲೆಕ್ಕ ಹಾಕುವಾಗ ಆ ಒಬ್ಬ ಯಾರು ಅಂತ ತೀರ್ಮಾನ ಮಾಡಿದವರು ಯಾರು? ಮನುಷ್ಯ ತನ್ನನ್ನು ತಾನು ಕಳೆದುಕೊಂಡು ಏಳು ಜನರನ್ನು ಉಳಿಸಿದರೆ ಅದು ತ್ಯಾಗ. ಇನ್ನೊಬ್ಬನನ್ನು ಅವನ ಒಪ್ಪಿಗೆ ಇಲ್ಲದೆ ಕಳೆದು ಏಳು ಜನರನ್ನು ಉಳಿಸಿದರೆ ಅದಕ್ಕೆ ಬೇರೆ ಹೆಸರು ಬೇಕು. ಊರಿನ ಮಾರಿಗೆ ಕೋಣ ಕಡಿಯುವಾಗಲೂ ಇದೇ ಲೆಕ್ಕ. ಊರು ಉಳಿಯುತ್ತದೆ, ನಿಜ. ಕೋಣವನ್ನು ಯಾರೂ ಕೇಳುವುದಿಲ್ಲ.

ಬೆಲೆಯನ್ನು ತಾವೇ ಕಟ್ಟಿದ ಮೇಷ್ಟ್ರುಗಳು ಈ ನಾಡಿನಲ್ಲಿ ಇರಲಿಲ್ಲವೆ? ಪುಣೆಯಲ್ಲಿ 1848ರಲ್ಲಿ ಜೋತಿಬಾ ಫುಲೆ ಹೆಣ್ಣುಮಕ್ಕಳ ಶಾಲೆ ತೆಗೆದರು. ಅಲ್ಲಿ ಪಾಠ ಹೇಳಲು ಹೋಗುತ್ತಿದ್ದ ಸಾವಿತ್ರಿಬಾಯಿಯ ಮೇಲೆ ದಾರಿಯಲ್ಲಿ ಸಗಣಿ ಎಸೆದರು. ಗಂಡಹೆಂಡಿರು ಮನೆ ಬಿಡಬೇಕಾಯಿತು. ಮಂಗಳೂರಿನಲ್ಲಿ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕುದ್ಮುಲ್ ರಂಗರಾಯರು ನಮ್ಮವರ ಮಕ್ಕಳಿಗೆ ಶಾಲೆ ಕಟ್ಟಿದಾಗ ಅವರ ಜಾತಿಯವರೇ ಅವರನ್ನು ದೂರ ಇಟ್ಟರು. ಈ ಹೆಸರುಗಳನ್ನು ಹೇಳುತ್ತಿರುವುದು ನಮ್ಮ ಮೇಷ್ಟ್ರನ್ನು ಸಣ್ಣವರನ್ನಾಗಿ ಮಾಡಲು ಅಲ್ಲ. ಎಲ್ಲರೂ ಸಾವಿತ್ರಿಬಾಯಿ ಆಗಬೇಕು ಅಂತ ಕೇಳುವುದು ಸುಲಭ, ಅದೂ ಆರಾಮಾಗಿ ಕೂತು ಬರೆಯುವಾಗ. ಬೇರೆ ದಾರಿ ಇರಲೇ ಇಲ್ಲ ಅನ್ನುವ ಮಾತು ಮಾತ್ರ ಪೂರ್ತಿ ನಿಜವಲ್ಲ.

'ಕಾಲ ಹಂಗಿತ್ತು ಬುಡಿ' ಅಂತ ಕೆಲವರು ಸಮಾಧಾನ ಹೇಳುತ್ತಾರೆ. ಮೇಷ್ಟ್ರನ್ನು ಅವರ ಕಾಲದ ಕಣ್ಣಿಂದ ನೋಡಬೇಕಂತೆ. ನೋಡೋಣ. ಆದರೆ ಲೋಟ ಎತ್ತಿದ ಹುಡುಗ ಯಾವ ಕಾಲದವನು? ಅವನೂ ಅದೇ ಕಾಲದವನು, ಅದೇ ಊರಿನವನು, ಅದೇ ಶಾಲೆಯವನು. ಎರಡನೆಯ ಕ್ಲಾಸು ಓದುತ್ತಿದ್ದ ಒಂದು ಮಗುವಿಗೆ ಆ ಕಾಲದಲ್ಲೇ ಸರಿ ಯಾವುದು ಅಂತ ಗೊತ್ತಿತ್ತು. ಕಾಲ ಅಂದರೆ ಬಡಿಯುವವರ ಕಾಲ ಮಾತ್ರ ಅಂತ ಯಾಕೆ ತಿಳಿಯಬೇಕು? ಬಡಿಸಿಕೊಂಡವರಿಗೂ ಒಂದು ಕಾಲ ಇರುತ್ತದೆ.

ನಮ್ಮ ಚಳವಳಿಯ ಗೆಳೆಯರಲ್ಲಿ ಇನ್ನು ಕೆಲವರು ಬೇರೆ ಥರ ಹೇಳುತ್ತಾರೆ. 'ಅವರ ದಯೆಯೇ ದೊಡ್ಡ ಮೋಸ. ಬೋರ್ಡು ತಿರುಗಿಸಿದ್ದು ನಿಮ್ಮನ್ನು ಸುಮ್ಮನಿರಿಸಲು. ಅಂಥವರನ್ನು ನೆನೆಯುವುದೇ ಗುಲಾಮಗಿರಿ' ಅನ್ನುತ್ತಾರೆ. ಈ ಮಾತಿಗೆ ಖಾರ ಇದೆ, ಆದರೆ ಅದು ನಿಜವಲ್ಲ. ನಾವು ಕಂಡದ್ದನ್ನು ಕಂಡಿಲ್ಲ ಅನ್ನಲು ನಮ್ಮಿಂದ ಆಗುವುದಿಲ್ಲ. ಆ ಸೋಮವಾರ ಬೆಳಿಗ್ಗೆ ಮೊಳೆ ಹೊಡೆದ ಸದ್ದು ನಮ್ಮ ಕಿವಿಯಲ್ಲಿ ಈಗಲೂ ಇದೆ. ಆ ಸದ್ದಿನಿಂದಲೇ ನಾವು ಹುಟ್ಟಿದವರು. ಸಿಟ್ಟಿಗೋಸ್ಕರ ನೆನಪನ್ನು ತಿದ್ದಿದರೆ, ನಮ್ಮ ಚರಿತ್ರೆಯನ್ನು ತಿದ್ದಿದವರಿಗೂ ನಮಗೂ ಏನು ವ್ಯತ್ಯಾಸ ಉಳಿಯುತ್ತದೆ?

ಅಂಬೇಡ್ಕರರು ಈ ವಿಷಯದಲ್ಲಿ ನಮಗೆ ದಾರಿ ತೋರಿಸಿದ್ದಾರೆ ಅಂತ ನಮಗೆ ಅನಿಸುತ್ತದೆ. ತಮ್ಮ ಶಾಲೆಯ ದಿನಗಳ ಬಗ್ಗೆ ಅವರು ಬರೆದಿದ್ದಾರೆ. ಕೂರಲು ಬೇರೆ ಗೋಣಿತಟ್ಟು. ಸಂಜೆ ಅದನ್ನು ಮನೆಗೆ ಹೊತ್ತುಕೊಂಡು ಹೋಗಬೇಕು. ಬಾಯಾರಿದರೆ ಜವಾನ ಬಂದು ನಲ್ಲಿ ತಿರುಗಿಸಬೇಕು, ಜವಾನ ಇಲ್ಲದ ದಿನ ನೀರಿಲ್ಲ. ಅದೇ ಅಂಬೇಡ್ಕರರು ಕೇಳುಸ್ಕರ್ ಎಂಬ ಮೇಷ್ಟ್ರ ಬಗ್ಗೆಯೂ ಬರೆದರು. ಹುಡುಗ ಪರೀಕ್ಷೆ ಪಾಸಾದಾಗ ನಡೆದ ಸಭೆಯಲ್ಲಿ ಕೇಳುಸ್ಕರರು ತಾವೇ ಬರೆದ ಬುದ್ಧನ ಚರಿತ್ರೆಯನ್ನು ಅವನ ಕೈಗೆ ಕೊಟ್ಟರು. ಆ ಪುಸ್ತಕದಿಂದ ಬುದ್ಧನ ಕಡೆಗೆ ತಿರುಗಿದೆ ಅಂತ ಅವರು ಕೃತಜ್ಞತೆಯಿಂದ ನೆನೆದದ್ದು ತಮ್ಮ ಬದುಕಿನ ಕಡೆಯ ವರ್ಷ, 1956ರಲ್ಲಿ. ಗೋಣಿತಟ್ಟನ್ನೂ ಬರೆದರು, ಪುಸ್ತಕವನ್ನೂ ಬರೆದರು. ಪುಸ್ತಕ ಕೊಟ್ಟರಲ್ಲ, ಗೋಣಿತಟ್ಟನ್ನು ಮರೆಯೋಣ ಅನ್ನಲಿಲ್ಲ. ಗೋಣಿತಟ್ಟು ಹಾಸಿದರಲ್ಲ, ಪುಸ್ತಕ ಸುಳ್ಳು ಅನ್ನಲೂ ಇಲ್ಲ. ಒಳ್ಳೆಯದು ಜಮಾ, ಕೆಟ್ಟದ್ದು ಖರ್ಚು, ಕಳೆದು ಬಾಕಿ ಎಷ್ಟು ಅಂತ ನೋಡುವ ಶೆಟ್ಟರ ಖಾತೆಯಲ್ಲ ನೆನಪು. ಎರಡೂ ಎರಡೂ ಆಗಿಯೇ ಉಳಿಯಬೇಕು.

ಇಲ್ಲಿಯವರೆಗೂ ನಾವು ಮೇಷ್ಟ್ರ ಬಗ್ಗೆ ಬರೆದೆವು. ಇನ್ನು ನಮ್ಮ ಬಗ್ಗೆ ಬರೆಯಬೇಕು. ಇದನ್ನು ಬರೆಯದಿದ್ದರೆ ಮೇಲಿನದ್ದೆಲ್ಲ ಸುಳ್ಳಾಗುತ್ತದೆ.

ಆ ದಿನ ಮಡಕೆಗೆ ಲೋಟ ಅದ್ದಿದವನು ಅವನೊಬ್ಬನೇ. ಕುಡಿದವನು ಅವನೊಬ್ಬನೇ ಅಲ್ಲ. ಅವನು ಕುಡಿದು, ಮತ್ತೆ ತುಂಬಿ, ಲೋಟವನ್ನು ನಮ್ಮ ಕೈಗೆ ಕೊಟ್ಟ. ನಾವು ಕಚ್ಚಿ ಕುಡಿದೆವು. ಲೋಟದ ಅಂಚು ಮೊದಲ ಸಲ ನಮ್ಮ ತುಟಿಗೆ ತಾಗಿತ್ತು. ಆ ತಣ್ಣನೆಯ ರುಚಿ ಇವತ್ತಿಗೂ ಮರೆತಿಲ್ಲ. ರಾತ್ರಿ ಚಾವಡಿಯಲ್ಲಿ 'ಇನ್ಯಾವನ್ಯಾವನ್ಲಾ ಕುಡುದ್ರಿ?' ಅಂತ ಕೇಳಿದಾಗ ಅವನು ಬಾಯಿ ಬಿಡಲಿಲ್ಲ. ನಾವೂ ಬಿಡಲಿಲ್ಲ. ಅವನು ಬಾಯಿ ಬಿಡದೆ ನಮ್ಮನ್ನು ಉಳಿಸಿದ. ನಾವು ಬಾಯಿ ಬಿಡದೆ ನಮ್ಮನ್ನು ಉಳಿಸಿಕೊಂಡೆವು. ನೋಡುವವರಿಗೆ ಎರಡೂ ಒಂದೇ ಥರದ ಮೌನ.

ಹಲವು ವರ್ಷಗಳ ಮೇಲೆ ಅವನ ಮಗಳ ಮದುವೆಯಲ್ಲಿ ಕೂತು ಮಾತಾಡುವಾಗ ನಾವೇ ಮೇಷ್ಟ್ರ ಮಾತು ತೆಗೆದೆವು. ಅವನು ಬೈಯುತ್ತಾನೆ, ನಾವೂ ಸೇರಿ ಬೈಯೋಣ ಅಂದುಕೊಂಡಿದ್ದೆವು. ಅವನು ಬೈಯಲಿಲ್ಲ. 'ಮೇಷ್ಟ್ರು ಒಳ್ಳೇರು ಕಣ್ರಪ್ಪ. ಬೋರ್ಡ್ ತಿರುಗ್ಸಿದ್ರು. ಅವರು ಊರೋರು, ಊರೋರ ಥರ ಮಾತಾಡುದ್ರು' ಅಂದ. ಸ್ವಲ್ಪ ಹೊತ್ತು ಎಲೆ ಅಡಿಕೆ ಅಗಿದು, 'ನೀವು ಏಳ್ ಜನ ಇದ್ರಲ್ಲ' ಅಂದ. ಅಷ್ಟೇ. ಮುಂದಕ್ಕೆ ಏನೂ ಹೇಳಲಿಲ್ಲ. ಬಂದವರಿಗೆ ನೀರು ಕೊಡಲು ಎದ್ದು ಹೋದ.

ಮೇಷ್ಟ್ರನ್ನು ಕ್ಷಮಿಸಬೇಕೆ ಬೇಡವೆ ಅಂತ ನಾವು ಇಷ್ಟು ವರ್ಷ ತಲೆ ಕೆಡಿಸಿಕೊಂಡಿದ್ದು ಆ ಏಳು ಜನರ ಲೆಕ್ಕ ತಪ್ಪಿಸಿಕೊಳ್ಳಲು ಅಂತ ಆವತ್ತು ಗೊತ್ತಾಯಿತು. ಕ್ಷಮಿಸುವ ಅಧಿಕಾರವೇ ನಮಗಿರಲಿಲ್ಲ. ಬಿದ್ದ ಪೆಟ್ಟು ನಮ್ಮ ಬೆನ್ನಿಗಲ್ಲ. ಉಪಕಾರ ಪಡೆದವನು ಕೃತಜ್ಞತೆ ಹೇಳಬಹುದು. ನೋವು ಉಂಡವನ ಪರವಾಗಿ ರಾಜಿ ಮಾಡಿಕೊಳ್ಳಲು ಬರುವುದಿಲ್ಲ.

ಏಕಲವ್ಯನ ಕಥೆಯನ್ನು ನಮ್ಮ ವೇದಿಕೆಗಳಲ್ಲಿ ನಾವು ಸಾಕಷ್ಟು ಹೇಳಿದ್ದೇವೆ. ಗುರು ಹೆಬ್ಬೆರಳು ಕೇಳಿದ, ಶಿಷ್ಯ ಕೊಟ್ಟ. ಹೇಳುವಾಗೆಲ್ಲ ನಾವೇ ಏಕಲವ್ಯರು ಅಂತ ನಮ್ಮ ಭಾವನೆ. ನಮ್ಮ ಕೈಗಳನ್ನು ನೋಡಿಕೊಂಡರೆ ಹೆಬ್ಬೆರಳು ಇದೆ, ಅದರಲ್ಲಿ ಪೆನ್ನು ಹಿಡಿದಿದ್ದೇವೆ. ನಮ್ಮ ಮೇಷ್ಟ್ರು ನಮ್ಮ ಬೆರಳು ಕೇಳಲಿಲ್ಲ. ನಮ್ಮ ಓದಿಗೆ ಬೆರಳು ಕೊಟ್ಟವನು ಬೇರೆಯವನು. ಅವನು ಸಗಣಿ ಬಾಚುತ್ತಿದ್ದಾಗ ನಾವು ಪದ್ಯ ಬಾಯಿಪಾಠ ಮಾಡುತ್ತಿದ್ದೆವು. ಗುರುವಿನ ಋಣ ದೊಡ್ಡದು ಅಂತ ಎಲ್ಲ ಪುಸ್ತಕಗಳೂ ಹೇಳುತ್ತವೆ. ಪಕ್ಕದಲ್ಲಿ ಕೂತಿದ್ದವನ ಋಣದ ಬಗ್ಗೆ ಯಾವ ಪುಸ್ತಕವೂ ನಮಗೆ ಹೇಳಿಕೊಡಲಿಲ್ಲ.

ಇದು ಹಳೆಯ ಕಥೆ ಅಂತ ಈ ಪತ್ರಿಕೆ ಓದುವ ಮೇಷ್ಟ್ರುಗಳು ಪುಟ ತಿರುಗಿಸಬಾರದು. ಈಗ ನಮ್ಮೂರ ಶಾಲೆಯಲ್ಲಿ ಮಡಕೆ ಇಲ್ಲ, ನಲ್ಲಿ ಇದೆ. ಶಿಕ್ಷಣ ಮಕ್ಕಳ ಹಕ್ಕು ಅಂತ 2009ರ ಕಾಯ್ದೆ ಹೇಳಿದೆ, 2010ರಿಂದ ಜಾರಿಯಲ್ಲಿದೆ. 2002ರಲ್ಲಿ ನಮ್ಮ ರಾಜ್ಯದಲ್ಲಿ ಬಿಸಿಯೂಟ ಶುರುವಾಯಿತು. ಮಕ್ಕಳು ಒಟ್ಟಿಗೆ ಕೂತು ಉಣ್ಣುತ್ತಾರೆ. ಇದೆಲ್ಲ ದೊಡ್ಡ ಕೆಲಸ, ಸಣ್ಣದಲ್ಲ. ಆದರೆ ಅಡುಗೆಗೆ ನಮ್ಮ ಕೇರಿಯ ಹೆಂಗಸನ್ನು ನೇಮಿಸಿದ ದಿನ ಊರಿನ ಮಕ್ಕಳು ತಟ್ಟೆ ಬಿಟ್ಟು ಎದ್ದುಹೋದ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಎಷ್ಟು ಸಲ ಓದಿಲ್ಲ? ಅಂಥ ದಿನ ಶಾಲೆಯ ಒಳ್ಳೆಯ ಮೇಷ್ಟ್ರು ಏನು ಮಾಡುತ್ತಾರೆ? 'ಒಬ್ಬಳಿಗೋಸ್ಕರ ಮಕ್ಕಳು ಉಪವಾಸ ಇರಬೇಕೇನಮ್ಮ' ಅಂತ ಮೆಲ್ಲಗೆ ಹೇಳಿ ಅವಳನ್ನು ಪಾತ್ರೆ ತೊಳೆಯಲು ಕಳಿಸಿದರೆ, ಅದು ಧಾರವಾಡದ ಅದೇ ಉತ್ತರ. ಆ ಮೇಷ್ಟ್ರು ಈಗ ನಮ್ಮವರೇ ಇರಬಹುದು. ಸ್ಟಾಫ್ ರೂಮಿನಲ್ಲಿ ನಮಗೂ ಒಂದು ಕುರ್ಚಿ ಇದೆ. ಪ್ರಮೋಷನ್ನು, ವರ್ಗಾವಣೆ, ಮನೆ ಸಾಲ ಇದೆ. ಭಯ ಪಡಲು ಈಗ ನಮ್ಮ ಹತ್ತಿರವೂ ಸಾಮಾನು ಇದೆ.

ಏನು ಮಾಡಬೇಕು ಅಂತ ಹೇಳಲು ನಾವು ಯೋಗ್ಯರಲ್ಲ. ನಾವು ಏನು ಮಾಡಲಿಲ್ಲ ಅನ್ನುವುದನ್ನು ಮಾತ್ರ ಹೇಳಬಲ್ಲೆವು. ಆ ರಾತ್ರಿ ಏಳು ಜನರಲ್ಲಿ ಒಬ್ಬನಾದರೂ 'ನಾನೂ ಕುಡ್ದೆ' ಅಂದಿದ್ದರೆ ಅವನ ಮೇಲೆ ಬಿದ್ದ ಪೆಟ್ಟು ಒಂದೂ ಕಮ್ಮಿ ಆಗುತ್ತಿರಲಿಲ್ಲವೇನೋ. ನಮಗೂ ನಾಲ್ಕು ಬೀಳುತ್ತಿತ್ತು. ಶಾಲೆಯೂ ಹೋಗುತ್ತಿತ್ತೇನೋ. ಆದರೆ ಅವನು ಒಬ್ಬನಾಗಿರುತ್ತಿರಲಿಲ್ಲ. ಒಬ್ಬನಿಗೋಸ್ಕರ ಅನ್ನುವ ಮಾತು ನಡೆಯುವುದು ಅವನು ಒಬ್ಬನಾಗಿ ನಿಂತಿರುವವರೆಗೆ ಮಾತ್ರ. ಎಂಟೂ ಜನ ಎದ್ದು ನಿಂತಿದ್ದರೆ ಮೇಷ್ಟ್ರ ಲೆಕ್ಕಕ್ಕೆ ಕಳೆಯಲು ಯಾರೂ ಸಿಗುತ್ತಿರಲಿಲ್ಲ. ಸಂಘಟನೆ ಅಂತ ನಾವು ದೊಡ್ಡ ಮಾತಿನಲ್ಲಿ ಹೇಳುವುದರ ಅರ್ಥ ಇಷ್ಟೇ ಇರಬೇಕು.

ಮುಂದಿನ ಸೆಪ್ಟೆಂಬರಿನಲ್ಲಿ ಯಾರಾದರೂ ಕರೆದರೆ ಹೋಗುತ್ತೇವೆ. ಮೇಷ್ಟ್ರು ಬೋರ್ಡು ತಿರುಗಿಸಿದ್ದನ್ನು ಹೇಳುತ್ತೇವೆ, ಕೈ ಮುಗಿಯುತ್ತೇವೆ. ಚಾವಡಿಯಲ್ಲಿ ತಲೆ ತಗ್ಗಿಸಿದ್ದನ್ನೂ ಹೇಳುತ್ತೇವೆ. ಆಮೇಲೆ ಶಾಲು ಹೊದಿಸಲು ಬಂದರೆ, ಈ ಶಾಲು ಹೋಗಬೇಕಾದ ಮನೆ ಬೇರೆ ಇದೆ, ವಿಳಾಸ ಕೊಡುತ್ತೇವೆ, ನಮ್ಮ ಜೊತೆ ಬನ್ನಿ ಅನ್ನುತ್ತೇವೆ.

ಅವನು ತಗೊಳ್ಳುತ್ತಾನೋ ಇಲ್ಲವೋ ಗೊತ್ತಿಲ್ಲ. ನೀರಂತೂ ಕೊಡುತ್ತಾನೆ.